ಬಸ್ ಸ್ಟ್ಯಾಂಡಿನ ಸವತಿ

ಹೊಸದುರ್ಗದ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡ್ಲೆಕಾಯಿ ಮಾರುವ ಹನುಮಮ್ಮನಿಗೆ ಒಬ್ಬ ಸವತಿ ಇದ್ದಾಳೆ ಎಂದು ಅಲ್ಲಿನವರೆಲ್ಲ ಹೇಳುತ್ತಾರೆ. ಆ ಸವತಿಗೆ ಮೈ ಇಲ್ಲ, ಬರೀ ದನಿ. ಸ್ಟ್ಯಾಂಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರೊಳಗಿನ ಹಳೆಯ ಪ್ರೋಗ್ರಾಮಿನಲ್ಲಿ ಆ ದನಿ ಇದೆ. ತಗಡಿನ ಚಾವಣಿಗೆ ಕಟ್ಟಿದ ಸ್ಪೀಕರುಗಳಿಂದ ಅದು ಹೊರಗೆ ಬರುತ್ತದೆ. ಕೋಣೆಯಲ್ಲಿ ಕುಳಿತು ಗುಂಡಿ ಒತ್ತುವವನು ಹನುಮಮ್ಮನ ಗಂಡ ತಿಮ್ಮರಾಯಪ್ಪ.

ಸವತಿ ಬರುವ ಮೊದಲು ಬಸ್ಸುಗಳನ್ನು ಕೂಗುತ್ತಿದ್ದವಳು ಹನುಮಮ್ಮನೇ. ಆ ಕೆಲಸಕ್ಕೆ ಅವಳನ್ನು ಯಾರೂ ಇಟ್ಟಿರಲಿಲ್ಲ. ಬುಟ್ಟಿ ಇಟ್ಟುಕೊಂಡು ಕುಳಿತವಳನ್ನು ಹಳ್ಳಿಯವರು "ನಮ್ ಗಾಡಿ ಬಂತಾ ತಾಯಿ?" ಎಂದು ಕೇಳುತ್ತಿದ್ದರು. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಲೇ ಹೇಳುವುದು ಸುಲಭವೆಂದು ಅವಳು ಕೂಗತೊಡಗಿದಳು. ಅವಳ ಕೂಗಿನಲ್ಲಿ ಬರೀ ಊರಿನ ಹೆಸರು ಇರುತ್ತಿರಲಿಲ್ಲ.

"ಏ ಮತ್ತೋಡು, ಮತ್ತೋಡು, ಮತ್ತೋಡೂ! ಏ ಕೆಂಪ್ ಟವಲ್ಲಣ್ಣ, ಟೀ ಆಮೇಲೆ ಕುಡೀವಂತೆ, ಹತ್ತು! ಯಮ್ಮಾ, ಕೂಸು ಎತ್ಕಳೇ, ಮೂಟೆ ಆಮೇಲೆ!"

ಡ್ರೈವರುಗಳು ಹಾರ್ನ್ ಹೊಡೆಯುವುದನ್ನು ಬಿಟ್ಟು ಹನುಮಮ್ಮನ ಕಡೆ ನೋಡುತ್ತಿದ್ದರಂತೆ. ಇದನ್ನು ಹೇಳಿದವಳು ಪಕ್ಕದಲ್ಲಿ ಹೂ ಮಾರುವ ಚಂದ್ರಕ್ಕ. ಚಂದ್ರಕ್ಕ ಸ್ವಲ್ಪ ಸೇರಿಸಿ ಹೇಳುವವಳು. ಆದರೆ ಇದೊಂದನ್ನು ನಾನು ಕೇಳಿದವರೆಲ್ಲ ಒಪ್ಪಿದರು.

ತಿಮ್ಮರಾಯಪ್ಪ ಆಗಲೂ ಸ್ಟ್ಯಾಂಡಿನ ಏಜೆಂಟೇ. ಬಸ್ಸು ಬಂದು ಹೋಗುವುದನ್ನು ನೋಡಿಕೊಳ್ಳುವುದು ಅವನ ಕೆಲಸ. ಮಾತು ಕಡಿಮೆ. ಮನೆಯಲ್ಲಿ ಇನ್ನೂ ಕಡಿಮೆ. ಆದರೆ ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಕೋಣೆಯಿಂದ ತಲೆ ಹೊರಗೆ ಹಾಕಿ, "ಹನುಮೀ, ಹಿರಿಯೂರ್ದು ಬಂತು, ಕೂಗೇ" ಎನ್ನುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಬಸ್ಸುಗಳು ಬಂದಷ್ಟು ಸಲ ಗಂಡನ ಬಾಯಲ್ಲಿ ಅವಳ ಹೆಸರು ಬರುತ್ತಿತ್ತು. ಮನೆಯಲ್ಲಿ ಅವನು ಸುಮ್ಮನಿದ್ದರೂ ಅವಳಿಗೆ ಅದು ಕೊರತೆಯೆಂದು ಅನಿಸಿರಲಿಲ್ಲ.

ಆಮೇಲೆ ಬಸ್ ಮಾಲೀಕರ ಸಂಘದ ಓಬಳೇಶಪ್ಪ ಕಂಪ್ಯೂಟರ್ ತರಿಸಿದ. ಪ್ರೋಗ್ರಾಮ್ ಮಾಡಿಕೊಟ್ಟವನು ತನ್ನ ನಾದಿನಿ ಶಾಂತಿಯನ್ನು ಕರೆದುಕೊಂಡು ಬಂದ. ಹುಡುಗಿ ಆಗ ಕಾಲೇಜಿನಲ್ಲಿದ್ದಳು, ಶಾಲೆಯ ದಿನಗಳಿಂದ ಭಾಷಣದಲ್ಲಿ ಬಹುಮಾನ ಪಡೆದವಳು. ಗಾಜಿನ ಕೋಣೆಯ ಬಾಗಿಲು ಹಾಕಿ, ಸಂದಿಗಳಿಗೆ ಟವಲ್ ತುರುಕಿ, ಅವಳಿಂದ ಊರಿನ ಹೆಸರು, ಬಸ್ಸಿನ ಹೆಸರು, "ದಯವಿಟ್ಟು ಗಮನಿಸಿ", "ಹೊರಡಲು ಸಿದ್ಧವಾಗಿದೆ" ಎಂದೆಲ್ಲ ಬಿಡಿಬಿಡಿಯಾಗಿ ಹೇಳಿಸಿಕೊಂಡರು. ಗುಂಡಿ ಒತ್ತಿದರೆ ಪ್ರೋಗ್ರಾಮ್ ಆ ತುಂಡುಗಳನ್ನು ಜೋಡಿಸಿ ಹೇಳುತ್ತದೆ. ರೆಕಾರ್ಡ್ ಆಗುವಾಗ ಓಬಳೇಶಪ್ಪ ಹೊರಗೆ ಬಂದು ಹನುಮಮ್ಮನಿಗೆ ಹೇಳಿದ್ದು ಇಷ್ಟು:

"ಸ್ವಲ್ಪ ಬಾಯಿ ಮುಚ್ಕೊಂಡಿರಮ್ಮ. ನಿನ್ ದನಿ ಒಳಗೆ ಬರ್ತೈತೆ."

ಮರುದಿನ ಅವನೇ, "ಇನ್ನು ನೀನು ಗಂಟ್ಲು ಹರ್ಕಳೋದು ಬ್ಯಾಡ. ಆರಾಮಾಗಿ ಕುಂತು ಕಡ್ಲೆಕಾಯಿ ಮಾರು" ಎಂದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಎಲ್ಲರಿಗೂ ಹಾಗೆಯೇ ಕೇಳಿಸಿತು. ಹನುಮಮ್ಮ ಮಾತ್ರ ಆ ದಿನದಿಂದ ಹೊಟ್ಟೆಯಲ್ಲಿ ಕೆಂಡ ಕಟ್ಟಿಕೊಂಡಳು.

ಶಾಂತಿ ಮುಂದೆ ಮದುವೆಯಾಗಿ ಹೊಳಲ್ಕೆರೆಗೆ ಹೋದಳು. ದನಿ ಇಲ್ಲೇ ಉಳಿಯಿತು. ಹನುಮಮ್ಮನಿಗೆ ತಲೆ ನರೆಯಿತು, ಮೊಣಕಾಲು ಹಿಡಿಯಿತು, ಮುಂದಿನ ಹಲ್ಲೊಂದು ಹೋಯಿತು. ಸ್ಪೀಕರಿನ ಹೆಂಗಸಿಗೆ ಏನೂ ಆಗಲಿಲ್ಲ. ಅವಳಿಗೆ ನೆಗಡಿ ಬರುವುದಿಲ್ಲ, ಸಿಟ್ಟು ಬರುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೂ ಕೊನೆಯ ಬಸ್ಸಿಗೂ ಒಂದೇ ಉತ್ಸಾಹ. ವಯಸ್ಸೇ ಆಗದ ಇಂಥವಳನ್ನು ಗಂಡನ ಜೊತೆ ಗಾಜಿನ ಕೋಣೆಯಲ್ಲಿ ಇಡೀ ದಿನ ಕೂರಿಸಿ, ಹೊರಗೆ ಕಡ್ಲೆಕಾಯಿ ಅಳೆಯುತ್ತ ಕೂರುವುದು ಎಂಥ ಕಷ್ಟವೆಂದು ಹನುಮಮ್ಮನೇ ಹೇಳಬೇಕು.

ತಿಮ್ಮರಾಯಪ್ಪನೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ನಡೆದುಕೊಂಡ. ಕಂಪ್ಯೂಟರಿಗೆ ಹೊಸ ಟವಲ್ ಹೊದಿಸಿದ. ತನ್ನ ಹೆಗಲಿನ ಟವಲ್ ಹರಿದಿತ್ತು. ಧೂಳು ಹೊಡೆಯಲು ಕೋಳಿಪುಕ್ಕದ ಪೊರಕೆ ತಂದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, "ದಯವಿಟ್ಟು ಗಮನಿಸಿ" ಎಂದು ಅವಳು ಶುರು ಮಾಡಿದಾಗ ಅವನು ತನಗೇ ಗೊತ್ತಿಲ್ಲದ ಹಾಗೆ "ಹೂಂನವ್ವ" ಎನ್ನುತ್ತಿದ್ದ. ಮನೆಯಲ್ಲಿ ಹನುಮಮ್ಮ ಸಾರಿಗೆ ಉಪ್ಪು ಸರಿ ಇದೆಯೇ ಎಂದು ಕೇಳಿದರೆ ಹೂಂ ಇಲ್ಲ, ಊಹೂಂ ಇಲ್ಲ.

"ನಿನ್ ಸವತಿ ಬಾಯಿ ಬಿಟ್ಲು ನೋಡೇ," ಎನ್ನುತ್ತಿದ್ದಳು ಚಂದ್ರಕ್ಕ, ಹೂ ಕಟ್ಟುತ್ತ.

"ಬಿಡ್ಲಿ ಬಿಡು. ಒಂದಿನ ಕರೆಂಟ್ ಹೋಗ್ತೈತಲ್ಲ, ಆಗ ನೋಡ್ತೀನಿ."

"ಬ್ಯಾಟ್ರಿ ಐತಂತೆ ಕಣೇ ಅವಳಿಗೆ."

"ನಂಗೊಂದು ಬ್ಯಾಟ್ರಿ ತಂದ್ಕೊಟ್ಟಿದ್ರೆ ನಾನೂ ಹಂಗೇ ಇರ್ತಿದ್ದೆ."

ಹೀಗೆ ವರ್ಷಗಳು ಕಳೆದವು. ಕಳೆದ ವರ್ಷ ಹಳೆಯ ಕಂಪ್ಯೂಟರ್ ಬಿಸಿಯಾಗಿ ಆಗಾಗ ನಿಲ್ಲತೊಡಗಿತು. ಟಿಕೆಟ್ ಲೆಕ್ಕದ ಕೆಲಸಕ್ಕೂ ಹೊಸದು ಬೇಕಾಗಿತ್ತು. ಸಂಘದವರು ಹೊಸ ಆಪರೇಟಿಂಗ್ ಸಿಸ್ಟಂ ಇರುವ ಹೊಸ ಕಂಪ್ಯೂಟರ್ ಕೊಂಡರು. ಚಿತ್ರದುರ್ಗದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ವಿನೋದ್ ಬಂದು, ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಹಾಕಿದ. ಎಲ್ಲವೂ ತೆರೆಯಿತು. ಶಾಂತಿಯ ದನಿಯ ಪ್ರೋಗ್ರಾಮ್ ಮಾತ್ರ ತೆರೆಯಲಿಲ್ಲ. ಕ್ಲಿಕ್ ಮಾಡಿದರೆ, ಈ ಪ್ರೋಗ್ರಾಮ್ ಇಲ್ಲಿ ನಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು.

"ಇದು ಬಾಳ ಹಳೇದಣ್ಣ. ಹೊಸ ಸಿಸ್ಟಂ ಇದ್ರ ಮಾತು ಕೇಳಲ್ಲ," ಎಂದ ವಿನೋದ್. "ನಾನು ಬ್ಯಾರೆ ಹಾಕ್ಕೊಡ್ತೀನಿ. ಬರೆದಿದ್ದನ್ನ ಅದೇ ಓದ್ತೈತೆ."

ಹಾಕಿಕೊಟ್ಟ. ಅದು ಒಂದು ದಿನವೂ ಬಾಳಲಿಲ್ಲ. ನಮ್ಮ ಕಡೆ ಬಸ್ಸು ಕೈ ಬದಲಾಯಿಸಿದರೆ ಹೊಸ ಮಾಲೀಕ ತನ್ನ ಮನೆದೇವರ ಹೆಸರು ಬರೆಸುತ್ತಾನೆ. ಜನ ಮಾತ್ರ ಅದನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಶಾಂತಿಯ ದನಿಯಲ್ಲಿ ಇದ್ದುದು ಹಳೆಯ ಹೆಸರುಗಳೇ. ವಿನೋದ್ ಊರಿನ ಹೆಸರು ಬಿಟ್ಟು, ಬಸ್ಸಿನ ಹಣೆಯ ಮೇಲೆ ಇರುವ ಹೊಸ ಹೆಸರನ್ನಷ್ಟೇ ನೋಡಿ ಬರೆದಿದ್ದ. ಹೊಸ ಪ್ರೋಗ್ರಾಮ್ ಆ ಹೆಸರುಗಳನ್ನು ಸ್ಪಷ್ಟವಾಗಿ ಓದಿತು. ಮತ್ತೋಡಿನವರು ಕಲ್ಲುಬೆಂಚಿನ ಮೇಲೆ ಕುಳಿತು ಕಡ್ಲೆಕಾಯಿ ಸುಲಿಯುತ್ತಲೇ ಇದ್ದರು. ಅವರ ಬಸ್ಸು ಅವರ ಮುಂದೆಯೇ ಹೋಯಿತು. ಆ ಬಸ್ಸಿನ ಡ್ರೈವರ್ ಪಾಪಣ್ಣ ವಾಪಸ್ಸು ಬಂದಾಗ ನೇರವಾಗಿ ಗಾಜಿನ ಕೋಣೆಗೆ ನುಗ್ಗಿದ.

"ಏನಪ್ಪ ತಿಮ್ರಾಯಪ್ಪ, ಖಾಲಿ ಗಾಡಿ ಓಡ್ಸಕ್ಕೆ ನಂಗೇನು ಹುಚ್ಚಾ? ಯಾವ ಗಾಡಿ ಹೆಸ್ರು ಕೂಗ್ಸಿದೆ?"

"ನಿನ್ ಗಾಡಿ ಮ್ಯಾಲೆ ಬರ್ದಿರೋ ಹೆಸ್ರೇ ಕಣಪ್ಪ ಅದು."

"ಬರ್ದಿರೋದನ್ನ ಯಾವನ್ ಓದ್ತಾನೆ ಇಲ್ಲಿ?"

ಅಷ್ಟರಲ್ಲಿ ಹಿರಿಯೂರಿನ ಬಸ್ಸು ಬಂದು ನಿಂತಿತು. ತಿಮ್ಮರಾಯಪ್ಪ ಹೊಸ ಪ್ರೋಗ್ರಾಮನ್ನು ನಿಲ್ಲಿಸಿದ. ಏನು ಮಾಡಬೇಕೆಂದು ತೋಚದೆ ತಲೆ ಹೊರಗೆ ಹಾಕಿದ.

"ಹನುಮೀ, ಹಿರಿಯೂರ್ದು ಬಂತು. ಕೂಗೇ."

ಹನುಮಮ್ಮ ಬುಟ್ಟಿಯ ಮೇಲೆ ಗೋಣಿ ಮುಚ್ಚಿ ಎದ್ದು ನಿಂತಳು. ಮೊದಲ ಕೂಗು ಒಡೆದು ಬಂತು. ಎರಡನೆಯದು ಸ್ಟ್ಯಾಂಡಿನ ಆಚೆಯ ಸೈಕಲ್ ಅಂಗಡಿಯವರೆಗೆ ಹೋಯಿತು. ಜನ ತಿರುಗಿ ನೋಡಿ ನಕ್ಕರು. ಬಸ್ಸು ತುಂಬಿತು.

ಮುಂದಿನ ಕೆಲವು ದಿನ ಹನುಮಮ್ಮ ಹಬ್ಬಕ್ಕೆ ಇಟ್ಟಿದ್ದ ಸೀರೆ ಉಟ್ಟು ಬಂದಳು. ಚಂದ್ರಕ್ಕನಿಂದ ಹೂ ಕೇಳಿ ಮುಡಿದಳು. ಗಂಡ ಕೋಣೆಯಿಂದ ತಲೆ ಹಾಕುತ್ತಿದ್ದ, ಹನುಮೀ ಎನ್ನುತ್ತಿದ್ದ, ಅವಳು ಕೂಗುತ್ತಿದ್ದಳು. ಒಂದು ಸಲ ಅವನು ನೀರಿನ ಬಾಟಲಿ ತಂದು ಅವಳ ಮುಂದಿಟ್ಟು, "ಗಂಟ್ಲು ನೋಯ್ತೈತೇನೇ?" ಎಂದ. ರಾತ್ರಿ ಊಟಕ್ಕೆ ಕುಳಿತಾಗಲೂ ಹೊಳಲ್ಕೆರೆಯ ಬಸ್ಸು ತಡವಾದದ್ದನ್ನು ತಾನಾಗಿ ಹೇಳಿದ. ಸತ್ತು ಬಿದ್ದ ಆ ಪ್ರೋಗ್ರಾಮ್ ಎಂದೆಂದಿಗೂ ಏಳದಿರಲಿ ಎಂದು ಅವಳು ತನ್ನ ತವರು ಮತ್ತೋಡಿನ ದೇವರಿಗೆ ತೆಂಗಿನಕಾಯಿಯ ಹರಕೆ ಹೇಳಿಕೊಂಡಳು.

ಆದರೆ ತಿಮ್ಮರಾಯಪ್ಪನ ಮನಸ್ಸು ಅದರ ಮೇಲೇ ಇತ್ತು. ಬಸ್ಸಿಲ್ಲದ ಹೊತ್ತಿನಲ್ಲಿ ಅವನು ಅದನ್ನು ಕ್ಲಿಕ್ ಮಾಡಿ ನೋಡುತ್ತಿದ್ದ. ಹನುಮಮ್ಮ ಗಾಜಿನಿಂದ ಇದನ್ನು ಕಂಡಳು. ಸತ್ತ ಮೇಲೂ ಬಿಡುವುದಿಲ್ಲವಲ್ಲ ಇವನು ಎಂದು ಅವಳಿಗೆ ಇನ್ನಷ್ಟು ಉರಿಯಿತು. ಓಬಳೇಶಪ್ಪ ಬಂದು, "ಹೆಂಗಾರ ಮಾಡಿ ಹಳೇದನ್ನೇ ಎಬ್ಬಿಸಪ್ಪ. ಈ ವಯಸ್ನಾಗೆ ಹನುಮಮ್ಮನ್ನ ಕೂಗ್ಸಿದ್ರೆ ಜನ ನಮ್ಮನ್ನ ಏನಂದಾರು?" ಎಂದ. ವಿನೋದನೂ ಫೋನಿನಲ್ಲಿ ಒಂದು ದಾರಿ ಇದೆ ಎಂದ. ಕಂಪ್ಯೂಟರನ್ನು ಅಂಗಡಿಗೇ ತರಬೇಕಿತ್ತು.

ಗಂಡ ಹೊರಟಾಗ ಹನುಮಮ್ಮನೂ ಹೊರಟಳು.

"ನೀನ್ಯಾಕೆ?"

"ಯಾಕೆ, ನಾನು ಬಂದ್ರೆ ನಿಂಗೂ ಅವಳಿಗೂ ತೊಂದ್ರೆ ಆಗ್ತೈತಾ?"

"ಹೋಗ್ಬರ್ರಿ, ಹೋಗ್ಬರ್ರಿ," ಎಂದಳು ಚಂದ್ರಕ್ಕ. "ಹಂಗೇ ಚಂದ್ರವಳ್ಳಿನೂ ನೋಡ್ಕೊಂಡ್ ಬರ್ರಿ. ಜೋಡೀಲಿ ಎಲ್ಲಿಗೂ ಹೋದೋರಲ್ಲ."

ಬಸ್ಸಿನಲ್ಲಿ ಕಂಪ್ಯೂಟರನ್ನು ತಿಮ್ಮರಾಯಪ್ಪ ತೊಡೆಯ ಮೇಲೆ ಇಟ್ಟುಕೊಂಡ. ಹೊಳಲ್ಕೆರೆಯಲ್ಲಿ ನಿಂತಾಗ ಹನುಮಮ್ಮ ಕಿಟಕಿಯಿಂದ ಹತ್ತುವ ಹೆಂಗಸರನ್ನೆಲ್ಲ ನೋಡಿದಳು. ಶಾಂತಿ ಈಗ ಹೇಗಿರಬಹುದು? ದಪ್ಪಗಾಗಿರಬೇಕು. ತೆಳ್ಳಗಿದ್ದವರು ಕಂಡರೆ ಇವಳಲ್ಲ ಎಂದು ಬಿಟ್ಟಳು. ದಪ್ಪಗಿದ್ದವರನ್ನು ಸ್ವಲ್ಪ ಹೊತ್ತು ನೋಡಿದಳು. ಗಂಡನೂ ಕಿಟಕಿಯ ಕಡೆ ನೋಡಿದ.

"ಯಾರ್ನ ನೋಡ್ತೀಯ?"

"ಟೈಮ್ ನೋಡ್ತಿದೀನಿ ಕಣೇ. ಈ ಗಾಡಿ ಲೇಟು."

ಅವನು ನಿಜವಾಗಿ ಸ್ಟ್ಯಾಂಡಿನ ಗಡಿಯಾರವನ್ನೇ ನೋಡಿದ್ದ. ಏಜೆಂಟನ ಅಭ್ಯಾಸ ಅದು. ಆದರೆ ಅವಳು ನಂಬಲಿಲ್ಲ.

ವಿನೋದನ ಅಂಗಡಿಯಲ್ಲಿ ಇಬ್ಬರಿಗೂ ಸ್ಟೂಲು ಹಾಕಿದರು. ವಿನೋದ್ ತಾನು ಮಾಡುವುದನ್ನು ವಿವರಿಸಿದ. ಹೊಸ ಸಿಸ್ಟಂ ಹೊಸದಾಗಿಯೇ ಇರುತ್ತದೆ. ಅದರೊಳಗೆ ಹಳೆಯ ಸಿಸ್ಟಂ ಒಂದನ್ನು ಬೇರೆಯಾಗಿ ಕೂರಿಸುವುದು. ಪ್ರೋಗ್ರಾಮಿಗೆ ತಾನು ಹಳೆಯ ಕಂಪ್ಯೂಟರಿನಲ್ಲೇ ಇದ್ದೇನೆ ಎನಿಸುತ್ತದೆ. ಹೊರಗೆ ಏನು ಬದಲಾಗಿದೆಯೆಂದು ಅದಕ್ಕೆ ತಿಳಿಯುವುದಿಲ್ಲ.

"ಒಂದ್ ದೊಡ್ಡ ಮನೆ ಒಳಗೆ ಸಣ್ಣ ಹಳೇ ಮನೆ ಕಟ್ಟಿದಂಗೆ ಅಕ್ಕ."

"ಅಂದ್ರೆ ಅವಳಿಗೆ ಬ್ಯಾರೆ ಮನೆ ಮಾಡ್ಕೊಡ್ತೀಯ."

ವಿನೋದ್ ಅರ್ಥವಾಗದೆ ತಿಮ್ಮರಾಯಪ್ಪನ ಮುಖ ನೋಡಿದ. ತಿಮ್ಮರಾಯಪ್ಪ ಪಂಖದ ಕಡೆ ನೋಡಿದ.

ಮಧ್ಯಾಹ್ನ ದಾಟಿತು. ಹಳೆಯ ಸಿಸ್ಟಂ ಒಳಗೆ ಕುಳಿತಿತು. ಪ್ರೋಗ್ರಾಮ್ ಕ್ಲಿಕ್ ಮಾಡಿದಾಗ ಈ ಸಲ ಅದು ಬೇಡವೆನ್ನಲಿಲ್ಲ. ಪರದೆಯ ಮೇಲೆ ಅದರ ಕಿಟಕಿ ತೆರೆಯಿತು. ಆದರೆ ಗುಂಡಿಗಳ ಬದಲು ಒಂದು ಖಾಲಿ ಚೌಕ ಬಂತು. ಹೊಸ ಜಾಗದಲ್ಲಿ ಮೊದಲ ಸಲ ತೆರೆಯುವಾಗ ಅದು ಪಾಸ್‌ವರ್ಡ್ ಕೇಳುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆ ಹಾಕಿದ ಮೇಲೆ ಮತ್ತೆ ಕೇಳಿರಲಿಲ್ಲ. ತಿಮ್ಮರಾಯಪ್ಪನಿಗೆ ಅಂಥದ್ದೊಂದು ಇತ್ತು ಎಂಬುದೇ ಮರೆತುಹೋಗಿತ್ತು. ಪ್ರೋಗ್ರಾಮ್ ಮಾಡಿದವನು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತಿ ಬೈದರು.

"ಯಾವುದೋ ಹೆಸ್ರು ಇಟ್ಟಿರ್ತೀರ. ನೆನಪ್ ಮಾಡ್ಕಳ್ರಿ," ಎಂದ ವಿನೋದ್. "ಆ ದನಿ ಕೊಟ್ಟ ಹುಡುಗಿ ಹೆಸ್ರೇನು?"

"ಶಾಂತಿ."

ತಿಮ್ಮರಾಯಪ್ಪ ಒಂದು ಉಸಿರೂ ತಡಮಾಡದೆ ಹೇಳಿದ್ದನ್ನು ಹನುಮಮ್ಮ ಗಮನಿಸಿದಳು. ವಿನೋದ್ ಬರೆದ. ತಪ್ಪು ಎಂದು ಕೆಂಪು ಅಕ್ಷರ ಬಂತು. ಹನುಮಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, ಚೀಲದಿಂದ ಕಡ್ಲೆಕಾಯಿ ತೆಗೆದು ಅಂಗಡಿಯ ಹುಡುಗಿ ಮಾನಸಳಿಗೂ ಕೊಟ್ಟಳು.

ಹೊಸದುರ್ಗ ಹಾಕಿ ನೋಡಿದರು. ಮತ್ತೋಡು ಹಾಕಿ ನೋಡಿದರು. ಓಬಳೇಶಪ್ಪನ ಹೆಸರನ್ನೂ ಹಾಕಿದರು. ಪ್ರತಿ ಸಲವೂ ಕೆಂಪು. ತಿಮ್ಮರಾಯಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. ಕೊನೆಗೆ ವಿನೋದ್ ನಗುತ್ತ, "ಅಲ್ಲಾ ಅಣ್ಣ, ಇಷ್ಟೊತ್ತು ಸುಮ್ನೆ ಒದ್ದಾಡಿದ್ವಿ. ಅಕ್ಕನ ಹೆಸ್ರೇ ಇಟ್ಟಿರ್ತೀರ ಬಿಡ್ರಿ. ಎಲ್ಲ ಗಂಡಸ್ರೂ ಇಡೋದು ಅದೇ" ಎಂದ.

ವಿನೋದ್ ಹನುಮಮ್ಮ ಎಂದು ಬರೆದ. ಕೆಂಪು. ಅಕ್ಷರ ಬದಲಾಯಿಸಿ ಬರೆದ. ಮತ್ತೆ ಕೆಂಪು. ಹನುಮ, ಹನುಮಿ. ಮಾನಸ ಕಡ್ಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ಪರದೆ ನೋಡುತ್ತಿದ್ದಳು.

ಹನುಮಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಕೆಂಪು ಎಂದರೇನೆಂದು ಅಷ್ಟು ಹೊತ್ತಿಗೆ ತಿಳಿದಿತ್ತು. ತನ್ನ ಹೆಸರನ್ನು ಇವರು ಹೀಗೆ ಮತ್ತೆ ಮತ್ತೆ ಬರೆಯುವುದು, ಆ ಯಂತ್ರ ಮತ್ತೆ ಮತ್ತೆ ಅಲ್ಲ, ಅಲ್ಲ ಎನ್ನುವುದು, ಅದನ್ನು ಗೊತ್ತಿಲ್ಲದ ಹುಡುಗಿಯೊಬ್ಬಳು ನೋಡುವುದು ಅವಳಿಂದ ಸಹಿಸಲಾಗಲಿಲ್ಲ.

"ಸಾಕು ಬಿಡಪ್ಪ. ನನ್ ಹೆಸ್ರಲ್ಲ ಅದು. ಇವ್ನು ಅವತ್ತು ನನ್ ಹೆಸ್ರು ಹೇಳ್ಲಿಲ್ಲ."

ವಿನೋದ್ ಕೀಬೋರ್ಡಿನಿಂದ ಕೈ ತೆಗೆದ.

"ನಿಂಗೆ ಗೊತ್ತಾ?" ಎಂದ ತಿಮ್ಮರಾಯಪ್ಪ.

"ಗೊತ್ತು."

"ಮತ್ತೆ ಇಷ್ಟೊತ್ತು ಯಾಕೆ ಹೇಳ್ಲಿಲ್ಲ?"

"ಯಾಕೆ ಹೇಳ್ಬೇಕು?"

ರೆಕಾರ್ಡಾದ ದಿನ ಅವಳು ಬಾಯಿ ಮುಚ್ಚಿಕೊಂಡು ಗಾಜಿನ ಪಕ್ಕದಲ್ಲೇ ನಿಂತಿದ್ದಳು. ಬಾಗಿಲು ತೆರೆದ ಮೇಲೆ ಪ್ರೋಗ್ರಾಮಿನವನು ತಿಮ್ಮರಾಯಪ್ಪನನ್ನು, "ಮರೆಯದಂಥ ಒಂದು ಹೆಸರು ಹೇಳಿ, ಹೆಂಡತಿ ಹೆಸರಾದರೂ ಸರಿ" ಎಂದು ಕೇಳಿದ. ಶಾಂತಿ ಕಿಸಕ್ಕನೆ ನಕ್ಕಳು. ತಿಮ್ಮರಾಯಪ್ಪ ನಾಚಿ, "ಅದು ಬ್ಯಾಡ" ಎಂದು ಬೇರೆ ಹೆಸರು ಹೇಳಿದ. ತನ್ನ ಹೆಸರು ಅವನ ನಾಲಿಗೆಯವರೆಗೆ ಬಂದು ಹಿಂದೆ ಹೋದದ್ದನ್ನು ಹನುಮಮ್ಮ ಕಣ್ಣಾರೆ ಕಂಡಿದ್ದಳು. ಹೇಳಿದವನು ಮರೆತ. ಅವಳು ಮರೆಯುವುದು ಹೇಗೆ?

"ಹೇಳ್ತೀನಿ," ಎಂದಳು. "ಆದ್ರೆ ಮತ್ತೋಡು ನಂದು. ಆ ಗುಂಡಿ ನೀನು ಮುಟ್ಟಂಗಿಲ್ಲ. ಗಾಡಿ ಬಂದಾಗ ತಲೆ ಹೊರಗ್ ಹಾಕಿ ನನ್ನೇ ಕರೀಬೇಕು. ಮಿಕ್ಕಿದ್ದೆಲ್ಲ ಅವಳೇ ಇಟ್ಕಳ್ಳಿ."

"ಲೇ, ಜನ ಏನಂತಾರೆ?"

"ಹಂಗಾದ್ರೆ ಹೋಗಾಣ ನಡಿ. ಬಸ್ಸಿಗೆ ಹೊತ್ತಾತು."

ಅವಳು ಎದ್ದೇ ಬಿಟ್ಟಳು. ತಿಮ್ಮರಾಯಪ್ಪ ಅವಳ ಚೀಲ ಹಿಡಿದುಕೊಂಡ. "ಕುಂತ್ಕಳೇ. ಆತು. ಮತ್ತೋಡು ನಿಂದು."

"ಚೌಡೇಶ್ವರಿ," ಎಂದಳು ಹನುಮಮ್ಮ.

ಮದುವೆಗೆ ಮೊದಲು ತಿಮ್ಮರಾಯಪ್ಪ ಕ್ಲೀನರ್ ಆಗಿದ್ದ ಬಸ್ಸಿನ ಹೆಸರು ಅದು. ಬಸ್ಸು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ವಿನೋದ್ ಬರೆದ. ಗುಂಡಿಗಳು ಸಾಲಾಗಿ ತೆರೆದವು. ಒಂದನ್ನು ಒತ್ತಿದಾಗ ಶಾಂತಿ, ಆ ಕಾಲೇಜಿನ ಹುಡುಗಿ, ಕಂಪ್ಯೂಟರ್ ಅಂಗಡಿಯ ತುಂಬ ದಯವಿಟ್ಟು ಗಮನಿಸಿ ಎಂದಳು. ಎಲ್ಲರೂ ನಕ್ಕರು. ಹನುಮಮ್ಮ ಕಡ್ಲೆಕಾಯಿ ಸಿಪ್ಪೆಗಳನ್ನು ಒಟ್ಟುಮಾಡಿ ಕಾಗದದಲ್ಲಿ ಕಟ್ಟಿದಳು.

"ಬೇಕಾದ್ರೆ ಈಗ ಪಾಸ್‌ವರ್ಡ್ ಚೇಂಜ್ ಮಾಡ್ಬೋದು ಅಣ್ಣ," ಎಂದ ವಿನೋದ್, ಹನುಮಮ್ಮನ ಕಡೆ ಕಣ್ಣು ತೋರಿಸಿ.

ತಿಮ್ಮರಾಯಪ್ಪ ಸ್ವಲ್ಪ ಯೋಚಿಸಿ, "ಬ್ಯಾಡಪ್ಪ. ಇದಾದ್ರೆ ಇವಳಿಗೆ ನೆನಪೈತಲ್ಲ" ಎಂದ.

ಅಷ್ಟು ವರ್ಷ ಹೊತ್ತ ಉರಿಯನ್ನು ಅವನು ಇಷ್ಟು ಸುಲಭವಾಗಿ ಉಪಯೋಗಕ್ಕೆ ತೆಗೆದುಕೊಂಡದ್ದಕ್ಕೆ ಹನುಮಮ್ಮ ವಾಪಸ್ಸು ಬರುವಾಗ ಹೊಳಲ್ಕೆರೆ ದಾಟುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಳು. ತಾನು ಹಾಗೆ ಹೇಳಲಿಲ್ಲ, ಆ ಮಾತು ವಿನೋದನದೇ ಎಂದು ತಿಮ್ಮರಾಯಪ್ಪ ಈಗ ಹೇಳುತ್ತಾನೆ. ಹನುಮಮ್ಮ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಅವಳ ನೆನಪು ಗಟ್ಟಿ.

ಈಗ ಹೊಸದುರ್ಗದ ಸ್ಟ್ಯಾಂಡಿನಲ್ಲಿ ಎಲ್ಲ ಬಸ್ಸುಗಳನ್ನೂ ಶಾಂತಿಯ ದನಿ ಕರೆಯುತ್ತದೆ, ಮತ್ತೋಡಿನದನ್ನು ಬಿಟ್ಟು. ಅದು ತಿರುವಿನಲ್ಲಿ ಕಂಡಾಗ ತಿಮ್ಮರಾಯಪ್ಪ ತಲೆ ಹೊರಗೆ ಹಾಕಿ ಹೆಂಡತಿಯನ್ನು ಕರೆಯುತ್ತಾನೆ. ಕೇಳಿಸಿದರೂ ಅವಳು ಕೆಲವು ಸಲ ಕೇಳಿಸದವಳಂತೆ ಇರುತ್ತಾಳೆ. ಅವನು ಇನ್ನೊಮ್ಮೆ ಕರೆಯುತ್ತಾನೆ. ಉಳಿದ ಬಸ್ಸುಗಳ ಹೊತ್ತಿಗೆ ಹನುಮಮ್ಮ ತುಟಿ ಬಿಗಿಹಿಡಿದು ಕಡ್ಲೆಕಾಯಿ ಅಳೆಯುತ್ತಾಳೆ. ಅವಳ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ. ಆರಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ತಿಂಗಳು ಅವಳು ಹಿರಿಯೂರಿನಲ್ಲಿರುವ ತಂಗಿ ಜುಂಜಮ್ಮನ ಮಗಳ ಸೀಮಂತಕ್ಕೆ ಹೋಗಿ, ಸಂಜೆ ವಾಪಸ್ಸು ಬಂದಳು. ಚಂದ್ರಕ್ಕ ಹೂ ಬಿಟ್ಟು ಓಡಿ ಬಂದಳು.

"ಅಯ್ಯೋ, ನೀನಿರ್ಬೇಕಿತ್ತು ಕಣೇ ಇವತ್ತು!"

"ಯಾಕೆ, ಅವಳು ಮತ್ತೋಡು ಕೂಗಿದ್ಲಾ?"

"ಎಲ್ಲೀದು! ಓಬಳೇಶಪ್ಪ ಗುಂಡಿ ಒತ್ತೋ ಅಂದ. ನಿನ್ ಗಂಡ ಅದು ಅವಳದು, ನಾನು ಮುಟ್ಟಂಗಿಲ್ಲ ಅಂದ. ಗಾಡಿ ಬಂದೇ ಬಿಡ್ತು. ಆಮ್ಯಾಕೆ ತಾನೇ ಹೊರಗ್ ಬಂದು, ಕಲ್ಲುಬೆಂಚ್ ಮ್ಯಾಲೆ ಹತ್ತಿ ಕೂಗಿದ ನೋಡು, ಮತ್ತೋಡೂ ಅಂತ! ಟಗರು ಒದರ್ದಂಗಿತ್ತು. ಪಾಪಣ್ಣ ಸ್ಟೇರಿಂಗ್ ಮ್ಯಾಲೆ ಬಿದ್ದು ಬಿದ್ದು ನಕ್ಕ. ಕೂಸುಗಳೆಲ್ಲ ಇನ್ನೊಂದ್ಸಲ, ಇನ್ನೊಂದ್ಸಲ ಅಂದ್ವು. ಕೆಂಪಗಾಗಿದ್ದ ಕಣೇ ಮುಖ. ಆದ್ರೂ ಇನ್ನೊಂದ್ಸಲ ಕೂಗಿದ."

ಹನುಮಮ್ಮ ಗಾಜಿನ ಕೋಣೆಯ ಕಡೆ ನೋಡಿದಳು. ತಿಮ್ಮರಾಯಪ್ಪ ತಲೆ ತಗ್ಗಿಸಿ ಏನೋ ಒರೆಸುತ್ತಿದ್ದ. ಮದುವೆಯಾದ ದಿನದಿಂದ ಆ ಮನುಷ್ಯ ಗಟ್ಟಿಯಾಗಿ ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಕೂಗಿದ ಒಂದೇ ದಿನ ಅವಳು ಹಿರಿಯೂರಿನಲ್ಲಿದ್ದಳು. ಚಂದ್ರಕ್ಕ ಕೇಳಿದ್ದಳು, ಪಾಪಣ್ಣ ಕೇಳಿದ್ದ, ಮತ್ತೋಡಿಗೆ ಹೋಗುವ ಯಾರ್‍ಯಾರದೋ ಮಕ್ಕಳು ಕೇಳಿದ್ದರು.

"ಹೆಂಗ್ ಕೂಗಿದ? ನೀನು ಕೂಗಿ ತೋರ್ಸು," ಎಂದಳು ಹನುಮಮ್ಮ.

ಚಂದ್ರಕ್ಕ ಕೂಗಿ ತೋರಿಸಿದಳು. ಅವಳು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಕ್ಕೆ ಹನುಮಮ್ಮ ಆ ವಾರವೆಲ್ಲ ಅವಳ ಹತ್ತಿರ ಹೂ ಕೊಳ್ಳಲಿಲ್ಲ.